ತೊಳೆಯದ ಅರಿಶಿನ

ಸ್ಪಿರಿಟ್ ಹತ್ತಿ ಮೊಣಕೈಯ ಒಳಮಡಿಕೆಗೆ ತಣ್ಣಗೆ ತಾಗಿತು, ವಾಸನೆ ಮೂಗಿಗೇರಿತು, ಮುಷ್ಟಿ ಬಿಗಿಯಾಗಿ ಹಿಡ್ಕೊಳಿ ಅಮ್ಮಾ ಅಂದಳು ಲ್ಯಾಬಿನ ಹುಡುಗಿ, ಹಿಡಿದೆ, ನರಾನೇ ಸಿಗ್ತಿಲ್ಲ ಅಂತಾಳೆ, ಎಲ್ಲಿಂದ ಸಿಗಬೇಕು, ಮುದ್ದೆ ಮುರಿದು ಬಾಯಿಗಿಟ್ಟರೆ ಬರೀ ಕಹಿ, ಹೊಟ್ಟೆ ತುಂಬಾ ಉಂಡು ಎಷ್ಟು ದಿನವಾಯಿತೋ — ಸೂಜಿ ಹೊಕ್ಕಿತು, ರಕ್ತ ಕಪ್ಪಗೆ ಟ್ಯೂಬಿಗೆ ಇಳಿಯುತ್ತಿದೆ, ಇಳಿಯಲಿ, ಅದಾದರೂ ನಿಜ ಹೇಳಲಿ, ಇಲ್ಲ, ಹೇಳದಿರಲಿ ನಮ್ಮವ್ವಾ, ಪವಿತ್ರಾಗೆ ಹೆರಿಗೆಯಾಗುವವರೆಗೆ ಹೇಳದಿರಲಿ. ಒಂಬತ್ತು ತುಂಬಿದ ಮಗಳನ್ನು ಪಕ್ಕದ ಮನೆ ಅಕ್ಕಯಮ್ಮನ ಕೈಗೊಪ್ಪಿಸಿ ನೆಲಮಂಗಲಕ್ಕೆ ಬಂದು ಕೂತಿದ್ದೇನೆ, ಹೊರಗೆ ಬೆಂಚಿನ ಮೇಲೆ ನಮ್ಮ ಯಜಮಾನರು, ಅವರದೊಂದೇ ಮಂತ್ರ, ಗ್ಯಾಸ್ಟ್ರಿಕ್ ಕಣೇ, ಒಂದು ಸೋಡಾ ಕುಡಿ, ಪಿತ್ತದ ಚೀಲಾನೇ ಕಿತ್ತಾಕವ್ರೆ, ಇನ್ನೆಲ್ಲಿಂದ ಬತ್ತದೆ ಕಲ್ಲು — ನಾನೂ ಹಾಗೇ ಅಂದುಕೊಂಡಿದ್ದೆ, ಯುಗಾದಿಗೆ ಮುಂಚೆ ಆಪರೇಷನ್ ಆದಾಗ ಪೀಡೆ ತೊಲಗಿತು ಅಂತ ಕೈಮುಗಿದಿದ್ದೆ, ಈಗ ಮತ್ತೆ ಅದೇ ನೋವು, ಬಲಪಕ್ಕೆಯಡಿ ಹಿಂಡಿ ಬೆನ್ನಿಗೆ ಹಾಯುತ್ತದೆ, ಮೈಯೆಲ್ಲಾ ಕೆರೆತ, ಉಚ್ಚೆ ಕಡು ಟೀ ಬಣ್ಣ, ಥೂ, ಯಾರ ಹತ್ತಿರ ಹೇಳುವ ಮಾತು ಇದು. ಚೀಲ ಹೋದ್ರೂ ಪಿತ್ತ ಹರಿಯೋ ನಾಳ ಇದೆಯಲ್ಲಮ್ಮಾ, ಅದ್ರಲ್ಲಿ ಒಂದು ಕಲ್ಲು ಉಳ್ಕೊಂಡಿರ್ಬಹುದು ಅಂದರು ಡಾಕ್ಟರಮ್ಮ, ನಾಳ ಕಟ್ಕೊಂಡ್ರೆ ಪಿತ್ತ ರಕ್ತಕ್ಕೆ ಏರುತ್ತೆ, ರಕ್ತ ಚೆನ್ನಾಗಿದ್ರೆ ಹೆಚ್ಚುಕಮ್ಮಿ ಕಲ್ಲಿಲ್ಲ ಅಂತಲೇ, ಕೆಟ್ಟಿದ್ರೆ ಸ್ಕ್ಯಾನ್ ಮಾಡಿ, ಬೆಂಗಳೂರಲ್ಲಿ ಅಡ್ಮಿಟ್ ಆಗಿ, ಬಾಯಿಂದ ಪೈಪ್ ಇಳಿಸಿ ತೆಗೀಬೇಕು. ಮುಗಿಯಿತಲ್ಲ, ಚೊಚ್ಚಲ ಬಾಣಂತನ ತವರಲ್ಲಿ, ತವರು ಅಂದರೆ ಆ ಮನೆಯ ಗೋಡೆಯೇ, ನಾನು ತಾನೇ.

ಕಣ್ಣು ಹಳದಿನೋ ಅರಿಶಿನದ ಛಾಯೆನೋ ನಂಗೆ ಗೊತ್ತಾಗ್ತಿಲ್ಲ, ಮುಖ ತೊಳ್ಕೊಂಡ್ ಬನ್ನಿ ಅಂದರು ಡಾಕ್ಟರಮ್ಮ, ಬಿಡ್ತು ಅನ್ನಿ ಅಂದೆ, ಗಂಡ ಹೊರಗೆ ಗುಂಡುಕಲ್ಲಿನ ಹಾಗೆ ಕೂತಿರುವಾಗ ಮುತ್ತೈದೆ ಅರಿಶಿನ ಅಳಿಸಿಕೊಂಡು ಬರುವುದೇ, ಅರಿಶಿನಕುಂಟೆಗೆ ಸೊಸೆಯಾಗಿ ಬಂದ ದಿನ ಅತ್ತೆ ಕೈಯಾರೆ ಹಚ್ಚಿದ್ದು, ಅಂದಿನಿಂದ ಒಂದು ದಿನ ತಪ್ಪಿಲ್ಲ — ಅಂದೆನೇನೋ ಹೌದು, ಒಳಗಿನ ಮಾತು ಬೇರೆ. ಬಂಗಾರದ ಬಣ್ಣ ಬಂದದೆ ಕಣಕ್ಕಾ ನಿಂಗೆ, ಅಜ್ಜಿಯಾಗೋ ಕಳೆ ಅಂದಳಲ್ಲ ಅಕ್ಕಯಮ್ಮ, ಅವತ್ತು ಕನ್ನಡಿಯೆದುರು ರೆಪ್ಪೆ ಎಳೆದು ನೋಡಿಕೊಂಡೆ, ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ, ಮಾರನೆಯ ದಿನದಿಂದ ಕೊಂಬು ತೇಯ್ದು ಇನ್ನೂ ದಪ್ಪಗೆ ಬಳಿದುಕೊಂಡೆ, ದಿನಾ ಹಬ್ಬನೇನಮ್ಮಾ ನಿಂಗೆ ಅಂತ ಪವಿತ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಸುಮ್ನಿರೇ ಅಂತೀನಿ. ಭಯ ನನಗೆ, ಸಾಯುವ ಭಯವಲ್ಲ, ಅವಳು ನೋವು ತಿನ್ನುವಾಗ ಅಮ್ಮಾ ಅಂತ ಕೂಗಿದರೆ ಓ ಅನ್ನುವವರು ಯಾರು, ನಾನು ಹೆರುವಾಗ ನಮ್ಮವ್ವ ಬಾಗಿಲಾಚೆಯಿಂದ ಓ ಅಂದದ್ದು ಈಗಲೂ ಕಿವಿಯಲ್ಲಿದೆ, ಅಷ್ಟು ಸಾಕಾಗಿತ್ತು.

ಗಾಜಿನ ಆಚೆ ಮೆಷಿನ್ ಗಿರ್ರೆಂದು ಸುತ್ತಿ ನಿಂತಿತು, ಹುಡುಗಿ ಟ್ಯೂಬುಗಳನ್ನು ಒಂದೊಂದಾಗಿ ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಾಳೆ, ಕೆಂಪು ತಳಕ್ಕೆ ಕೂತು ಮೇಲೆ ತಿಳಿ ನಿಂತಿದೆ, ಎಲ್ಲರದೂ ಒಣಹುಲ್ಲಿನ ಬಣ್ಣ, ಒಂದು ಮಾತ್ರ — ಇದ್ಯಾರ್ದೇ ಅಂದಳು ಇನ್ನೊಬ್ಬಳು, ಮುತ್ತಮ್ಮ ಅಂತ, ಅಲ್ಲಿ ಕೂತಿದಾರಲ್ಲ ಅವ್ರದು, ಶ್ ಮೆಲ್ಲಗೆ, ಹುಡುಗಿ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ನನ್ನ ಕಡೆ ತಿರುಗಲಿಲ್ಲ, ಆ ತಿಳಿಗೆ ನಾನು ಅರಿಶಿನ ಹಚ್ಚಿಲ್ಲವಲ್ಲ, ಅದಕ್ಕೆ ನನ್ನ ಕೈಯೇ ತಾಗಿಲ್ಲವಲ್ಲ, ಹಳದಿ, ಕಡು ಹಳದಿ, ಬೆಳಕಿಗೆ ಹಿಡಿದಷ್ಟೂ ಹಳದಿ —