ಹನ್ನೊಂದು ಸೆಕೆಂಡಿನ ಬಣ್ಣ

"ಎರಡೇ ವಾಕ್ಯ ಅಮ್ಮ," ಎನ್ನುತ್ತ ಮ್ಯಾನೇಜರ್ ಒಂದು ಕಾಗದವನ್ನು ಮೈಕಿನ ಪಕ್ಕ ಇಟ್ಟ. "ಓದಿಬಿಟ್ರೆ ಮುಗೀತು. ಆಮೇಲೆ ಕಾರಲ್ಲಿ ಮನೆ ತನಕ ಬಿಡಿಸ್ತೀನಿ."

ಬಣ್ಣದಮ್ಮ ಕನ್ನಡಕ ಏರಿಸಿ ಓದಿದಳು. 'ಚೀಲದ ಬಣ್ಣ ಬದಲಾಗಬೇಕೆಂದು ನಿರ್ದೇಶಕರೇ ಯೋಚಿಸಿದ್ದರು. ಅವರು ಹೇಳಿದಂತೆ ನಾವು ಬಳಿದೆವು.' ಸುಳ್ಳನ್ನು ಇಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದು ಮುದುಕಿಯ ಕಣ್ಣಿನ ಮೇಲಿನ ಕರುಣೆಯಿಂದ ಇರಬೇಕು.

ಮೂವತ್ತೈದು ವರ್ಷಗಳ ಹಿಂದೆ ಟೀವಿಯಲ್ಲಿ ಬರುತ್ತಿದ್ದ 'ಅಂಚೆ ಆಮೆ' ಎಂಬ ಕಾರ್ಟೂನಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಅವರಿಗಾಗಿಯೇ ಪ್ರತಿ ಕಂತಿಗೂ ಒಂದು ಕಾಮೆಂಟರಿ ಮಾಡಿಸಿದ್ದರು. ಪರದೆಯ ಮೇಲೆ ಚಿತ್ರ ಓಡುತ್ತಿರುತ್ತದೆ, ಅದನ್ನು ಮಾಡಿದವರು ಕೂತು ಮಾತಾಡುತ್ತಾರೆ. ಹತ್ತು ವರ್ಷಗಳ ಹಿಂದೆ ಒಂಬತ್ತನೆಯ ಕಂತಿಗೆ, ಆಮೆಯ ಅಂಚೆಚೀಲಕ್ಕೆ ಬಣ್ಣ ಬಳಿದಿದ್ದ ಬಣ್ಣದಮ್ಮನನ್ನೂ ಕರೆದಿದ್ದರು. ಅವಳು ಬಾಯಿ ಬಿಟ್ಟದ್ದು ಒಂದೇ ಸಲ. "ಆ ಚೀಲಕ್ಕೆ ಕೆಂಪು ಖಾಲಿ ಆಗಿತ್ತು," ಎಂದಳು. ಪಕ್ಕದಲ್ಲಿದ್ದ ನಿರ್ದೇಶಕರು ಗಹಗಹಿಸಿ ನಕ್ಕು ಮಾತನ್ನು ಅಲ್ಲೇ ಮುಳುಗಿಸಿಬಿಟ್ಟರು. ಈಗ ಅವರಿಲ್ಲ. ಸರಣಿಯನ್ನು ತೊಳೆದು ಬೆಳಗಿ ಮತ್ತೆ ಹೊರತರುತ್ತಿದ್ದ ಸಂಸ್ಥೆ, ಯಾವ ಕಾಮೆಂಟರಿ ಇರಬೇಕು, ಯಾವುದು ಬೇಡ ಎಂದು ಅಭಿಮಾನಿಗಳನ್ನೇ ಕೇಳಿ, ಅವರ ಸಂಘದಲ್ಲಿದ್ದ ಹಳೆಯ ಅಭಿಪ್ರಾಯಗಳನ್ನೂ ತರಿಸಿಕೊಂಡಿತ್ತು.

"ಇದು ನನ್ನ ಮಾತಲ್ಲ," ಎಂದು ಮ್ಯಾನೇಜರ್ ಫೋನು ತೆಗೆದು ಓದತೊಡಗಿದ. "'ಉಳಿದ ಕಾಮೆಂಟರಿಗಳು ಚಿನ್ನ, ಒಂಬತ್ತನೆಯದು ಮಾತ್ರ ಕೇಳಬೇಡಿ.' 'ನಿರ್ದೇಶಕರ ಕೆಮ್ಮು ಬೇಕಾದ್ರೂ ಇರಲಿ, ಆ ಹೆಂಗಸಿನ ಮಾತು ತೆಗೀರಿ.' 'ಹನ್ನೊಂದು ಸೆಕೆಂಡಿನ ದುಃಖವನ್ನ ಡಬ್ಬಿ ಖಾಲಿ ಆಯ್ತು ಅಂದ್ಲಲ್ಲ, ಇವಳ ಕೈಗೆ ಮೈಕ್ ಕೊಟ್ಟೋರು ಯಾರು?'"

ಮೂರನೆಯದು ಕಿವಿಗೆ ಬಿದ್ದದ್ದೇ ಬಾಗಿಲ ಬಳಿ ನಿಂತಿದ್ದ ಸೊಸೆ ತನ್ನ ಚಪ್ಪಲಿ ನೋಡತೊಡಗಿದಳು. ಅದನ್ನು ಬರೆದವಳು ಅವಳೇ, ಮದುವೆಗೆ ಮುಂಚೆ. ಅಭಿಮಾನಿ ಸಂಘದ ಕಾರ್ಯದರ್ಶಿ ಬೇರೆ. ಸತ್ತ ಗೆಳೆಯನ ಹೆಸರಿನ ಕಾಗದ ಹೊತ್ತು ಆಮೆ ವಾಪಸು ಬರುವಾಗ ಕಡುಗೆಂಪು ಚೀಲ ಹನ್ನೊಂದು ಸೆಕೆಂಡು ಬೂದಿಬಣ್ಣಕ್ಕೆ ತಿರುಗುತ್ತದಲ್ಲ, ಅದರ ಮೇಲೆ ಇಪ್ಪತ್ತು ಪುಟ ಬರೆದು ಬಹುಮಾನ ತಗೊಂಡಿದ್ದಳು. ಮದುವೆಯಾದ ಮೂರನೇ ವರ್ಷ ಬಟಾಣಿ ಬಿಡಿಸುತ್ತ ಕೂತಿದ್ದಾಗ ಅತ್ತೆಯ ಮುಂದೆ ಅಳುತ್ತ ಒಪ್ಪಿಕೊಂಡಳು. ಬಣ್ಣದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ತಂದ್ರೆ ಇಂಥ ಸೊಸೇನ ತರ್ಬೇಕು! ಬೇರೆಯವರ ಸೊಸೇರು ಮನೆಗೆ ಬಂದ್ಮೇಲೆ ಬೈತಾರೆ. ನಮ್ಮವಳು ಮುಂಗಡವಾಗೇ ಬೈದು ಮುಗಿಸಿದಾಳೆ." ನಕ್ಕಳೇನೋ ನಿಜ, ಆದರೆ ಆ ಮಾತು ಒಳಗೆ ಎಲ್ಲೋ ಚುಚ್ಚಿಕೊಂಡೇ ಇತ್ತು.

"ಓದದಿದ್ರೆ?" ಎಂದಳು ಬಣ್ಣದಮ್ಮ.

"ಹಳೇ ಮಾತು ಹೇಗೂ ಹೋಗತ್ತೆ, ಅದರ ಜಾಗಕ್ಕೆ ಇದು. ಓದದಿದ್ರೆ ನಿಮ್ಮ ದನೀನೇ ಇರಲ್ಲ. ಜನ ಕೇಳ್ತಿದಾರೆ, ನಾನೇನು ಮಾಡ್ಲಿ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಕಂತಿನ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಗೇಟು ಕಾಯುತ್ತಿದ್ದವನಿಗೂ ಜಾಗವಿತ್ತು. ಉದ್ದನೆಯ ಮೇಜಿನ ಮುಂದೆ ಆರು ವರ್ಷ ಕೂತು ಲಕ್ಷಗಟ್ಟಲೆ ಹಾಳೆಗೆ ಬಣ್ಣ ತುಂಬಿದ ಹನ್ನೆರಡು ಹೆಂಗಸರಿಗೆ ಸಿಕ್ಕಿದ್ದು 'ಬಣ್ಣ ವಿಭಾಗ' ಎಂಬ ಎರಡು ಪದ. ಅಂಥದೊಂದು ಕೋಣೆ ಇತ್ತು, ಅದರಲ್ಲಿ ಮನುಷ್ಯರಿದ್ದರು ಎನ್ನುವುದಕ್ಕೆ ಇಡೀ ಸರಣಿಯಲ್ಲಿ ಉಳಿದಿದ್ದ ಸಾಕ್ಷಿಯೆಂದರೆ ಅವಳ ಆ ಅರ್ಧ ಮಾತು.

ಸೊಸೆ ಹತ್ತಿರ ಬಂದು ಪಿಸುಗುಟ್ಟಿದಳು. "ಓದಿಬಿಡಿ ಅತ್ತೆ. ನಿಮ್ಮ ದನಿಯಾದ್ರೂ ಉಳಿಯತ್ತೆ."

"ದನಿ ನಂದು, ಮಾತು ಅವರದು. ಅಂಥ ದನಿ ಉಳಿದ್ರೆಷ್ಟು, ಬಿಟ್ರೆಷ್ಟು?" ಬಣ್ಣದಮ್ಮ ಕಾಗದವನ್ನು ನಾಲ್ಕಾಗಿ ಮಡಚಿ ಸೊಸೆಯ ಕೈಗೆ ತುರುಕಿದಳು. "ಜೋಪಾನ. ಸಂಸ್ಥೆ ಹೆಸರು ಮೇಲಿದೆ." ಆಮೇಲೆ ಮ್ಯಾನೇಜರನ ಕಡೆ ತಿರುಗಿ, "ಚಿತ್ರ ಹಾಕಿಸಪ್ಪ," ಎಂದಳು.

ಓದುತ್ತಾಳೆ ಎಂದುಕೊಂಡು ಅವನು ಗಾಜಿನ ಆಚೆಗೆ ಹೋದ. ಸೊಸೆಯೂ ಹೋಗಿ ಧ್ವನಿ ದಾಖಲಿಸುವವನ ಬೆನ್ನ ಹಿಂದೆ ನಿಂತಳು. ಪರದೆಯ ಮೇಲೆ ಬೆಳಗಾಯಿತು, ಆಮೆ ಗುಡ್ಡ ಹತ್ತತೊಡಗಿತು.

"ಈ ಆಕಾಶ ಇದೆಯಲ್ಲ, ಇದು ಎಡಚಿ ಬಳಿದದ್ದು," ಎಂದು ಬಣ್ಣದಮ್ಮ ಶುರುಮಾಡಿದಳು. "ಕುಂಚದ ಓಟ ಬಲದಿಂದ ಎಡಕ್ಕಿದೆ, ನೋಡಿ. ಆ ಹುಲ್ಲು ಬಸುರಿ ಬಳಿದದ್ದು. ಏಳು ತಿಂಗಳು, ಬಗ್ಗೋಕಾಗ್ದೆ ನಿಂತೇ ಬಳೀತಿದ್ಲು."

ಮ್ಯಾನೇಜರ್ ಕಾಗದ ಓದುವಂತೆ ಕೈಸನ್ನೆ ಮಾಡಿದ. ಅವಳು ಅತ್ತ ತಲೆ ಎತ್ತಲಿಲ್ಲ. ಆಮೆ ಖಾಲಿ ಮನೆಯ ಬಾಗಿಲು ತಟ್ಟಿ ಕಾದು ಹಿಂದಿರುಗಿತು. ಚೀಲ ಬೂದಿಯಾಯಿತು.

"ಇದು ಅವತ್ತು ಯಾರ ತಲೇಲೂ ಇರ್ಲಿಲ್ಲ. ಸಂಜೆ ಐದಕ್ಕೆ ಹಾಳೆ ಕೊಡಬೇಕಿತ್ತು, ಮಧ್ಯಾಹ್ನಕ್ಕೇ ಕೆಂಪು ಮುಗೀತು. ಅಂಗಡಿಗೆ ಬೀಗ. ಇಟ್ಟಿಗೆ ಬಣ್ಣಕ್ಕೆ ಒಂದು ಚಮಚ ಕಪ್ಪು ಕಲಸ್ದೆ. ನಾವು ಬಳಿಯೋದು ಗಾಜಿನಂಥ ಹಾಳೆಯ ಹಿಂದುಗಡೆಯಿಂದ, ಹಸಿ ಇದ್ದಾಗ ಕಡುಗೆಂಪೇ ಕಾಣ್ತಿತ್ತು. ಒಣಗಿದ ಮೇಲೆ ಹೀಗಾಯ್ತು. ನೂರ ಮೂವತ್ತೆರಡು ಹಾಳೆ. ನಿರ್ದೇಶಕರು ಮೂರು ದಿನ ನನ್ನ ಮುಖ ನೋಡ್ಲಿಲ್ಲ. ಜನ ಅತ್ತರು ಅಂತ ಪತ್ರ ಬಂದ್ವು ನೋಡಿ, ಆವತ್ತಿಂದ ಬಣ್ಣ ಅವರದಾಯ್ತು." ಅವಳು ಮೈಕಿಗೆ ಇನ್ನಷ್ಟು ಹತ್ತಿರವಾದಳು. "ನೀವು ಅತ್ತಿದ್ದು ಸುಳ್ಳಲ್ಲ. ಇನ್ನೂ ಅಳಿ, ನಾನು ಬೇಡ ಅಂದ್ನಾ? ಆದ್ರೆ ಕಲಸಿದ ಕೈ ನಂದು."

"ನಿಲ್ಸು," ಎಂದ ಮ್ಯಾನೇಜರ್. ದಾಖಲಿಸುವವನ ಬೆರಳು ಗುಂಡಿಯ ಕಡೆ ಹೋಯಿತು.

"ನಿಲ್ಲಿಸ್ಬೇಡಿ!" ಎಂದಳು ಸೊಸೆ. ತನ್ನ ಇಪ್ಪತ್ತು ಪುಟ ಈಗಷ್ಟೇ ನೆಲಸಮವಾಗಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ನೋವಾಗಿತ್ತು, ಅದನ್ನು ಮೀರಿ ನಾಚಿಕೆಯಾಗಿತ್ತು. "ಸಂಘದ ಹಳೇ ಅಭಿಪ್ರಾಯ ಎಲ್ಲ ಒಟ್ಟು ಮಾಡಿ ಕಳಿಸಿದ್ದು ನಾನು. ಆ ಮೂರನೇದು ಬರೆದಿದ್ದೂ ನಾನೇ. ವಾಪಸ್ ತಗೊಂಡಿದೀನಿ, ಬರ್ಕೊಳ್ಳಿ."

"ನೀವೊಬ್ರು ತಗೊಂಡ್ರೆ ಆಯ್ತಾ? ಉಳಿದ ಅಭಿಮಾನಿಗಳು?"

"ಅವರಿಗೆ ಇದನ್ನ ತೋರಿಸ್ತೀನಿ." ಅವಳು ಮಡಚಿದ ಕಾಗದ ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದಳು. "ಅತ್ತೆ ಮಾತಿಗೆ ಕತ್ತರಿ ಬಿದ್ದ ದಿನ, ಯಾರಿಗೆ ಏನು ಓದೋಕೆ ಕೊಟ್ಟಿದ್ರಿ ಅಂತ ನಾಲ್ಕು ಸಾವಿರ ಜನ ನೋಡ್ತಾರೆ. ಬೈಯೋದ್ರಲ್ಲಿ ನಮ್ಮ ಸಂಘದವರು ಹೇಗೆ ಅಂತ ಈಗ ತಾನೆ ನೀವೇ ಓದಿದ್ರಿ."

ಮ್ಯಾನೇಜರ್ ಕಾಗದಕ್ಕೆ ಕೈ ಚಾಚಿದ. ಅವಳು ಅದನ್ನು ರವಿಕೆಯೊಳಗೆ ಸೇರಿಸಿಕೊಂಡಳು. ಅವನು ಫೋನು ಕಿವಿಗೊತ್ತಿಕೊಂಡು ಯಾರನ್ನೋ ಕೇಳಲು ಹೊರಗೆ ಹೋದ. ದಾಖಲಿಸುವವನು ಸೊಸೆಯ ಮುಖ ನೋಡಿ ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲೆ ಇಟ್ಟುಕೊಂಡ.

ಒಳಗೆ ಕಂತು ಮುಗಿದು ಹೆಸರುಗಳು ಮೇಲೇರತೊಡಗಿದವು. ಬಣ್ಣದಮ್ಮ ಬೆರಳು ಮಡಚುತ್ತ, ಎಡಚಿ, ಬಸುರಿ ಎಂಬ ಅಡ್ಡಹೆಸರು ಬಿಟ್ಟು ಆ ಹನ್ನೆರಡು ಹೆಂಗಸರಲ್ಲಿ ಒಬ್ಬೊಬ್ಬರ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ, ಒಂದೊಂದಾಗಿ ಹೇಳತೊಡಗಿದಳು. ಅವಸರ ಮಾಡಲಿಲ್ಲ. ಎಂಟನೆಯ ಹೆಸರು ಹೇಳುವ ಹೊತ್ತಿಗೆ ಪರದೆ ಕಪ್ಪಾಯಿತು. ಅವಳು ಕಪ್ಪು ಪರದೆಯನ್ನೇ ನೋಡುತ್ತ ಒಂಬತ್ತನೆಯ ಬೆರಳು ಮಡಚಿದಳು.