ಸೇತುವೆ ಬಿತ್ತೇ ಎಂದು ಕೇಳಿದವರು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಹುಡುಕುತಾಣದ ಮೊದಲ ಸಾಲಿನಲ್ಲಿ ಹೊಳೆಯ ಸೇತುವೆ ಬಿತ್ತು. ಹೊಳೆಯ ಮೇಲಿನ ಸೇತುವೆ ಏನಾಯಿತೆಂದು ಆ ತಾಣದ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜನ ಜಾಲತಾಣಗಳಲ್ಲಿ ಆ ಕ್ಷಣ ಬರೆದದ್ದನ್ನೂ ಹುಡುಕಾಟದ ಫಲಿತಾಂಶದಲ್ಲಿ ತೋರಿಸುವ 'ಈಗಷ್ಟೇ' ಪಟ್ಟಿ ಶುರುವಾಗಿ ಅಂದಿಗೆ ಎರಡನೇ ದಿನ. ಒಂದೇ ಮಾತನ್ನು ಹೆಚ್ಚು ಜನ ಬರೆದಷ್ಟೂ ಅದು ಮೇಲೇರುತ್ತಿತ್ತು. ಪಟ್ಟಿಯ ಮೇಲೆ ಕಣ್ಣಿಡಲು ಕೂರಿಸಿದ್ದ ಹೆಂಗಸಿಗೆ ಕಚೇರಿಯಲ್ಲಿ ಕಾವಲುಗಾರ್ತಿ ಎಂದೇ ಹೆಸರು. ಹತ್ತು ವರ್ಷ ಪತ್ರಿಕೆಯಲ್ಲಿ ಸುದ್ದಿ ತಿದ್ದಿ ಬಂದವಳು.

ಅವಳ ಅಕ್ಕ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಹತ್ತು ಗಂಟೆಯ ಬಸ್ಸಿನಲ್ಲಿ ಅದೇ ಸೇತುವೆ ದಾಟಬೇಕು. ಕಾವಲುಗಾರ್ತಿ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಸಿಗಲಿಲ್ಲ.

"ಸಾರ್, ಪಟ್ಟಿ ನಿಲ್ಲಿಸ್ತೀನಿ."

"ಸ್ವಲ್ಪ ತಡೀರಮ್ಮ," ಎಂದ ಮುಖ್ಯಸ್ಥ. "ನಾನೂರು ಜನ ಬರ್ದಿದಾರೆ. ಅಷ್ಟೂ ಜನ ಸುಮ್‌ಸುಮ್ನೆ ಬರೀತಾರಾ?"

"ಒಬ್ಬರಾದ್ರೂ ಕಣ್ಣಾರೆ ನೋಡಿದಾರಾ ಅಂತ ನೋಡ್ತೀನಿ."

"ಐದು ನಿಮಿಷ. ಆರನೇದು ಕೇಳ್ಬೇಡಿ."

ಕುರ್ಚಿಯಲ್ಲಿ ಕೂರಲಾಗದೆ ನಿಂತೇ ಓದಿದಳು. 'ನಿಜಾನಾ?' 'ಬಿತ್ತಂತೆ, ಹೌದಾ?' 'ಯಾರಿಗಾದ್ರೂ ಗೊತ್ತಾ?' ಕೇಳಿದವರನ್ನೆಲ್ಲ ಯಂತ್ರ ಸಾಕ್ಷಿಗಳ ಲೆಕ್ಕಕ್ಕೆ ಸೇರಿಸಿತ್ತು. ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದಳು. ಎಲ್ಲಕ್ಕಿಂತ ಹಳೆಯದು ಹತ್ತು ಇಪ್ಪತ್ತೊಂದರದು. ಬಸ್ಸಿನ ಕಿಟಕಿಯ ಚಿತ್ರ, ಸೀಟಿನ ಕಂಬಿಗೆ ನೇತುಹಾಕಿದ ಹಸಿರು ಚೀಲ. 'ಸೇತುವೆ ಬಾಯಲ್ಲೇ ನಿಂತಿದೀವಿ. ಡ್ರೈವರಣ್ಣ ಇಳಿದು ಮೈ ಮುರೀತಿದಾನೆ. ಸೇತುವೆ ಬಿದ್ದೇ ಹೋಯ್ತೋ ಏನೋ!'

ಆ ಚೀಲ ಹೊಲಿದು ಕೊಟ್ಟವಳು ಕಾವಲುಗಾರ್ತಿಯೇ.

ಅಕ್ಕನ ಕುಚೋದ್ಯವೇ ಊರು ಸುತ್ತಿ ಬಂದಿತ್ತು. ಆದರೂ ಎದೆ ತಣ್ಣಗಾಗಲಿಲ್ಲ. ಅಕ್ಕ ಬರೆದದ್ದು ಹತ್ತು ಇಪ್ಪತ್ತೊಂದಕ್ಕೆ. ಆಮೇಲೆ?

"ಸಾರ್, ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಕೇಳಿದವರೇ."

"ನಿಜವಾಗ್ಲೂ ಬಿದ್ದಿದ್ರೆ?"

"ಬಿದ್ದಿದ್ರೆ ನಮ್ಮಕ್ಕ ಅಲ್ಲೇ ಇದಾಳೆ ಸಾರ್. ಆದ್ರೆ ಬಿದ್ದಿದೆ ಅಂತ ನಮಗೆ ಯಾರೂ ಹೇಳಿಲ್ಲ."

ಮುಖ್ಯಸ್ಥ ಗಡಿಯಾರ ನೋಡುವುದನ್ನು ಬಿಟ್ಟು ಅವಳ ಮುಖ ನೋಡಿದ. ತಲೆಯಾಡಿಸಿದ. ಹತ್ತು ಐವತ್ತೆರಡಕ್ಕೆ ಅವಳು ಪಟ್ಟಿ ನಿಲ್ಲಿಸಿದಳು. ಆಮೇಲೆ ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ಎಷ್ಟು ಸಲ ನಡೆದಳೋ.

ಹನ್ನೊಂದು ಐದಕ್ಕೆ ಫೋನ್ ಬಡಿದುಕೊಂಡಿತು.

"ಏನೇ, ಇಷ್ಟೊತ್ತು ನೆಟ್‌ವರ್ಕೇ ಇರ್ಲಿಲ್ಲ," ಎಂದಳು ಅಕ್ಕ. "ಈಗ ನೋಡಿದ್ರೆ ಎಲ್ಲರೂ ಅದನ್ನೇ ಬರ್ದಿದಾರೆ. ಸೇತುವೆ ಬಿತ್ತಂತೆ, ಹೌದಾ?"

"ನೀನೆಲ್ಲಿ ಸಾಯ್ತಿದೀಯೇ?"

"ಅದರ ಮೇಲೇ. ಲಾರಿಯೊಂದು ಪಂಕ್ಚರ್ ಆಗಿ ಅಡ್ಡ ನಿಂತಿತ್ತು ಕಣೇ. ಯಾಕೆ, ಅಳ್ತಿದೀಯಾ?"

ಅಕ್ಕ ಅಂದು ಐವತ್ತು ನಿಮಿಷ ತಡವಾಗಿ ಕೆಲಸಕ್ಕೆ ಸೇರಿದಳು. ಕೇಳಿದವರನ್ನೂ ನೋಡಿದವರನ್ನೂ ಬೇರೆ ಮಾಡಲು ಯಂತ್ರಕ್ಕೆ ಕಲಿಸುವತನಕ ಪಟ್ಟಿ ಹನ್ನೊಂದು ದಿನ ತೆರೆಯಲಿಲ್ಲ.