ನೀಲಿ ತಾಡಪತ್ರಿ

ಸೋಲಾಪುರದಿಂದ ಸಮುದ್ರಕ್ಕೆ ಒಂದು ರಾತ್ರಿಯ ದಾರಿ. ಆದರೂ ಕರಾವಳಿಯ ತಗ್ಗಿನಲ್ಲಿ ಎಷ್ಟು ಜನ ಬದುಕುತ್ತಾರೆಂದು ಹೇಳುವ ನಕಾಶೆ ತಯಾರಾಗುತ್ತಿದ್ದುದು ಇಲ್ಲೇ, ಚಾದರದ ಅಂಗಡಿಯೊಂದರ ಮೇಲಿದ್ದ ಉದಯಕುಮಾರನ ಆಫೀಸಿನಲ್ಲಿ. ಉಪಗ್ರಹದ ಚಿತ್ರದಲ್ಲಿ ಮನೆ ಕಂಡಲ್ಲೆಲ್ಲ ಕೆಂಪು ಚೌಕ ಹಾಕಬೇಕು. ಚೌಕ ನೋಡಿ ಜನರ ಲೆಕ್ಕ. ಬಿರುಗಾಳಿ ಎದ್ದರೆ ಜನರನ್ನು ಸಾಗಿಸುವ ಗಾಡಿಗಳು ಹೋಗುವುದೂ ಅದೇ ಲೆಕ್ಕದ ಮೇಲೆ.

ಕೆಲಸಕ್ಕಿದ್ದವರೆಲ್ಲ ಒಣನೆಲದ ಮಕ್ಕಳು, ಕಡಲು ಕಂಡವರಲ್ಲ. ಉಪ್ಪಿನ ಗದ್ದೆಗಳ ಅಂಚಿಗೆ ಸಾಲಾಗಿ ನೀಲಿ ತಾಡಪತ್ರಿಯ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಹಳೆಯ ಟೈರು ಕಂಡಾಗ ಅಕ್ಕಲಕೋಟ ತಾಲೂಕಿನ ಹನ್ನೂರಿನ ಸೋನಾಲಿಯೇ ನಕ್ಕು ಹೇಳಿದ್ದಳು: "ಇವು ಕಣಕಿ ಬಣವಿ ಸರ್. ನಮ್ಮೂರಾಗೂ ಹಿಂಗೇ ಮುಚ್ಚತಾರ."

ಉದಯಕುಮಾರ ಶಹಬ್ಬಾಸ್ ಎಂದ. ಕಂಡ ಕಂಡ ನೀಲಿಗೆಲ್ಲ ಜೋಳದ ದಂಟಿನ ಬಣವೆಯೆಂದೇ ಗುರುತು ಬಿತ್ತು. ಉಪ್ಪಿನ ನೆಲದಲ್ಲಿ ಜೋಳ ಎಲ್ಲಿ ಬೆಳೆಯುತ್ತದೆ ಎಂದು ಯಾವ ಪುಣ್ಯಾತ್ಮನೂ ಕೇಳಲಿಲ್ಲ!

ಮೇ ಕೊನೆಗೆ, ಟೀವಿಯಲ್ಲಿ ಬಿರುಗಾಳಿಯ ಸುದ್ದಿ ಬಂದ ದಿನ, ಸೋನಾಲಿಯ ತಾಯಿಯ ತಂಗಿ ಜನಾಬಾಯಿ ವಿಡಿಯೋ ಕಾಲ್ ಮಾಡಿದಳು. ಆಕೆ ಅದೇ ಕರಾವಳಿಗೆ ಉಪ್ಪಿನ ಗದ್ದೆಯ ಕೂಲಿಗೆ ಹೋದವಳು. "ನೋಡವಾ, ನನ್ನ ಬಂಗಲೆ!" ಎಂದು ಫೋನು ತಿರುಗಿಸಿದಳು. ನೀಲಿ ತಾಡಪತ್ರಿ, ಮೇಲೆ ಟೈರು. ಅಂಥವೇ ಸಾಲು ಸಾಲು, ನಡುನಡುವೆ ಒಲೆಯ ಹೊಗೆ. ಸೋನಾಲಿ ಕಾಲ್ ಕಟ್ ಮಾಡಿ ಎದ್ದಳು.

ಉದಯಕುಮಾರನ ಮುಂದೆ ಓಡಿಹೋಗಿ ನಿಂತಳು. "ಸರ್, ಅವು ಬಣವಿ ಅಲ್ಲರಿ, ಮನಿ! ಒಳಗ ಮಂದಿ ಅದಾರ!"

"ಗೊತ್ತದ," ಎಂದ ಆತ, ಪೇಡೆಯ ಡಬ್ಬಿ ಬಿಚ್ಚುತ್ತ. "ಹ್ವಾದ ವಾರನೇ ಗೊತ್ತಾತು. ಆದ್ರ ನಕಾಶಾ ಪಾಸ್ ಆಗ್ಯಾದ. ಈಗ ತಪ್ಪಾಗ್ಯಾದ ಅಂದ್ರ ಮುಂದಿನ ಕಾಮ ಯಾರ ಕೊಡ್ತಾರ? ಮಳಿ ಹತ್ತಿದ್ರ ಆ ಮಂದಿ ತಾವೇ ಊರಿಗೆ ಹೋಗ್ತಾರ. ತಗೋ, ಬಾಯಿ ಸಿಹಿ ಮಾಡು."

ಪೇಡೆ ಅಂಗೈಗೆ ಬಿತ್ತು. ಥೂ! ಗೊತ್ತಿದ್ದೂ ವಾರವಿಡೀ ಹಲ್ಲು ಕಿರಿಯುತ್ತ ಓಡಾಡಿದ ಈ ಮನುಷ್ಯನ ಮೇಲೆ ಹೇಸಿಗೆ. ಅವನ ಶಹಬ್ಬಾಸಿಗೆ ಹಿಗ್ಗಿದ್ದ ತನ್ನ ಮೇಲೂ ಹೇಸಿಗೆ. ಪೇಡೆಯನ್ನು ಅವನ ಮೇಜಿನ ಮೇಲೇ ಹಿಸುಕಿಟ್ಟು, ಮೆಟ್ಟಿಲಿಗೆ ಬಂದು ಜನಾಬಾಯಿಗೆ ಫೋನು ಹಚ್ಚಿದಳು.

"ಮಾವಶಿ, ತುಫಾನ ಬರಾಕತ್ತದ. ಈಗೇ ಹೊಂಡು."

"ಯಾಕ ಅಂಜತಿ? ಗಾಡಿ ಬರ್ತಾವಲ್ಲ. ನಕಾಶಾ ಮಾಡಾಕಿ ನಮ್ಮ ಹುಡುಗಿನೇ, ನಮ್ಮನ್ನ ಬಿಟ್ಟು ಹೋಗಂಗಿಲ್ಲ ಅಂತ ಎಲ್ಲಾರಿಗೂ ಹೇಳೀನಿ. ಅದಕ್ಕ ಇಲ್ಲಿ ಒಬ್ಬರೂ ಗಂಟು ಕಟ್ಟಿಲ್ಲ."

"ಗಾಡಿ ಬರಂಗಿಲ್ಲ ಮಾವಶಿ. ನಕಾಶದಾಗ ನಿಮ್ಮ ಮನಿನೇ ಇಲ್ಲ."

"ಮತ್ತ ಏನದ ಅಲ್ಲಿ?"

"ಕಣಕಿ," ಎಂದಳು ಸೋನಾಲಿ. "ಕಣಕಿ ಬಣವಿ ಅಂತ ನಾನೇ ಹೇಳೀನಿ. ಎಲ್ಲಾರನೂ ಎಬ್ಬಸು, ಮಾವಶಿ. ನಡಕೋತಾದ್ರೂ ಹೊಂಡ್ರಿ."